ರಕ್ತ ‘ಇದೆ’ ಅಂದಾಗ ಸ್ಕ್ಯಾನ್ ‘ಇಲ್ಲ’ ಅನ್ನುವುದೇಕೆ: ನ್ಯೂಕ್ಲಿಯರ್ ಸ್ಕ್ಯಾನಿನ ಕಣ್ತಪ್ಪಿಸುವ ಅಡ್ರಿನಲ್ ಗಡ್ಡೆಗಳು

ಒಂದೇ ಫೈಲಿನಲ್ಲಿ ಮೂರು ವರದಿಗಳಿವೆ ಎಂದುಕೊಳ್ಳಿ. ರಕ್ತಪರೀಕ್ಷೆಯಲ್ಲಿ ಮೆಟಾನೆಫ್ರಿನ್ ಎಂಬುದು ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ಇದೆ. ಸಿಟಿ ಸ್ಕ್ಯಾನಿನಲ್ಲಿ ಬಲಗಡೆಯ ಅಡ್ರಿನಲ್ ಗ್ರಂಥಿಯೊಳಗೆ ನೆಲ್ಲಿಕಾಯಿ ಗಾತ್ರದ ಗಂಟು ಕಾಣುತ್ತಿದೆ. ಮೂರನೆಯದು ಎರಡು ಮೂರು ದಿನ ಓಡಾಡಿ ಮಾಡಿಸಿದ ಎಂಐಬಿಜಿ ಎಂಬ ನ್ಯೂಕ್ಲಿಯರ್ ಸ್ಕ್ಯಾನ್. ಅದರ ಕೊನೆಯ ಸಾಲು: ‘ಅಸಹಜ ಹೀರಿಕೆ ಎಲ್ಲೂ ಕಂಡುಬಂದಿಲ್ಲ.’

ಮನೆಮಂದಿಗೆ ಮೂರನೆಯದನ್ನೇ ನಂಬುವ ಆಸೆ. ದೊಡ್ಡ ಯಂತ್ರ, ದೊಡ್ಡ ಬಿಲ್ಲು, ಒಳ್ಳೆಯ ಸುದ್ದಿ. ಆದರೆ ಗಡ್ಡೆ ಹಾರ್ಮೋನು ಸುರಿಸುತ್ತಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಇರುವುದು ರಕ್ತಪರೀಕ್ಷೆಗೆ, ಆ ಸ್ಕ್ಯಾನಿಗಲ್ಲ. ಯಂತ್ರ ಕೆಟ್ಟಿತ್ತೆಂದಲ್ಲ, ಅದು ನೋಡುವ ಸಂಗತಿಯೇ ಬೇರೆ.

ಒಂದು ಗ್ರಂಥಿ, ಎರಡು ಕಸುಬು

ಪ್ರತಿ ಕಿಡ್ನಿಯ ನೆತ್ತಿಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿರುತ್ತದೆ. ತೂಕ ನಾಲ್ಕೈದು ಗ್ರಾಂ. ಕೊಯ್ದು ನೋಡಿದರೆ ಹೊರಗೆ ಹಳದಿ ಸಿಪ್ಪೆ, ಒಳಗೆ ಕೆಂಗಂದು ತಿರುಳು. ಸಿಪ್ಪೆಯಲ್ಲಿ ಕಾರ್ಟಿಸಾಲ್, ಆಲ್ಡೋಸ್ಟಿರೋನ್ ಮುಂತಾದವು ತಯಾರಾಗುತ್ತವೆ. ತಿರುಳಿನಲ್ಲಿ ತಯಾರಾಗುವುದು ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್. ಕತ್ತಲಲ್ಲಿ ಹಾವು ಕಂಡಂತಾದಾಗ ಎದೆ ಡವಗುಟ್ಟಿಸುವುದು, ಅಂಗೈ ಬೆವರಿಸುವುದು, ಬಿಪಿ ಏರಿಸುವುದು ಇವೇ.

ತಿರುಳಿನ ಜೀವಕೋಶಗಳು ಗಡ್ಡೆಯಾಗಿ ಬೆಳೆದರೆ ಅದಕ್ಕೆ ಫಿಯೋಕ್ರೊಮೊಸೈಟೋಮಾ ಎಂದು ಹೆಸರು. ಆಸ್ಪತ್ರೆಯ ಆಡುಮಾತಿನಲ್ಲಿ ಬರೀ ‘ಫಿಯೋ’. ಕ್ರೋಮಿಯಂ ಲವಣ ಸೋಕಿಸಿದರೆ ಈ ಕೋಶಗಳು ಕಂದುಬಣ್ಣಕ್ಕೆ ತಿರುಗುವುದರಿಂದ, ‘ಮಬ್ಬು ಬಣ್ಣದ ಕೋಶದ ಗಡ್ಡೆ’ ಎಂಬರ್ಥದ ಈ ಗ್ರೀಕ್ ಮೂಲದ ಹೆಸರನ್ನು 1912ರಲ್ಲಿ ಲುಡ್ವಿಗ್ ಪಿಕ್ ಕೊಟ್ಟರು. ಇದೇ ಜಾತಿಯ ಕೋಶಗಳು ಕುತ್ತಿಗೆ, ಎದೆ, ಹೊಟ್ಟೆ, ಮೂತ್ರಕೋಶದ ಸುತ್ತ ಗೊಂಚಲಾಗಿಯೂ ಇರುತ್ತವೆ. ಅಲ್ಲಿ ಗಡ್ಡೆಯಾದರೆ ಪ್ಯಾರಾಗ್ಯಾಂಗ್ಲಿಯೋಮಾ.

ಬಿಪಿ ಇರುವ ಸಾವಿರ ಜನರಲ್ಲಿ ಇದು ಎರಡರಿಂದ ಆರು ಜನರಿಗೆ ಇರಬಹುದು. ಅಪರೂಪವೇ. ಆದರೆ ಇದ್ದವರಲ್ಲಿ ಕೆಲವರಿಗೆ ತಲೆ ಸಿಡಿಯುವಂಥ ನೋವು, ಎದೆಬಡಿತ, ಬೆವರು ಮೂರೂ ಒಟ್ಟಿಗೆ ಅಲೆಯಂತೆ ಬಂದು ಹೋಗುತ್ತವೆ. ಗೊತ್ತಾಗದೆ ಬೇರೇನಕ್ಕೋ ಆಪರೇಷನ್ ಟೇಬಲ್ ಮೇಲೆ ಮಲಗಿಸಿದರೆ ಬಿಪಿ 250 ದಾಟಿ ಜೀವಕ್ಕೇ ಸಂಚಕಾರ ಬರಬಹುದು.

ರಕ್ತದ ಮಾತಿಗೆ ಅಷ್ಟು ತೂಕ ಏಕೆ

ಗಡ್ಡೆ ಅಡ್ರಿನಲಿನ್ ಸುರಿಸುವುದು ಅಲೆಅಲೆಯಾಗಿ. ಅಲೆ ಇಲ್ಲದ ಹೊತ್ತಿನಲ್ಲಿ ರಕ್ತ ತೆಗೆದರೆ ಅಡ್ರಿನಲಿನ್ ಮಾಮೂಲಿಯಾಗಿಯೇ ಕಾಣಬಹುದು. ಆದರೆ ಕೋಶದೊಳಗೆ ಇನ್ನೊಂದು ಕೆಲಸ ಹಗಲೂ ರಾತ್ರಿ ನಡೆದಿರುತ್ತದೆ. ಚೀಲಗಳಲ್ಲಿ ತುಂಬಿಟ್ಟ ಹಾರ್ಮೋನು ಸದಾ ಒಂದಿಷ್ಟು ಜಿನುಗುತ್ತದೆ. ಹಾಗೆ ಜಿನುಗಿದ್ದನ್ನು ಅಲ್ಲೇ ಇರುವ ಕಿಣ್ವವೊಂದು ಮೆಟಾನೆಫ್ರಿನ್ ಮತ್ತು ನಾರ್‌ಮೆಟಾನೆಫ್ರಿನ್ ಆಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ಅಲೆ ಬಂದರೂ ಬರದಿದ್ದರೂ ಈ ಸೋರಿಕೆ ನಿಲ್ಲುವುದಿಲ್ಲ.

ಅದಕ್ಕೇ ಮೊದಲ ಪರೀಕ್ಷೆ ಇದರದ್ದು. ಕನಿಷ್ಠ 20 ನಿಮಿಷ ಅಂಗಾತ ಮಲಗಿಸಿ ರಕ್ತ ತೆಗೆಯಬೇಕು, ಇಲ್ಲವೇ 24 ಗಂಟೆಯ ಮೂತ್ರವನ್ನು ಪೂರ್ತಿ ಸಂಗ್ರಹಿಸಬೇಕು. ಕೂತೇ ರಕ್ತ ಕೊಟ್ಟರೆ ನಾರ್‌ಮೆಟಾನೆಫ್ರಿನ್ ತುಸು ಏರುತ್ತದೆ, ಸುಮ್ಮನೆ ಗಾಬರಿ. ಆದರೆ ಅಳತೆ ಮೇಲ್ಮಿತಿಯ ಮೂರು ನಾಲ್ಕು ಪಟ್ಟು ದಾಟಿದರೆ ಅದು ಸುಳ್ಳಾಗುವುದು ಅಪರೂಪ. ರಕ್ತ ಇಷ್ಟು ಹೇಳಿದ ಮೇಲೆ ‘ಎಲ್ಲಿದೆ’ ಎಂದು ಹುಡುಕಲು ಸಿಟಿ ಅಥವಾ ಎಂಆರ್‌ಐ. ನ್ಯೂಕ್ಲಿಯರ್ ಸ್ಕ್ಯಾನಿನ ಸರದಿ ಬರುವುದು ಇವೆರಡರ ನಂತರ.

ಎಂಐಬಿಜಿ ನೋಡುವುದು ಕಣಜದ ಬಾಗಿಲನ್ನು

ಕಣಜದಿಂದ ಭತ್ತ ತೆಗೆಯುವಾಗ ಒಂದಿಷ್ಟು ಅಂಗಳಕ್ಕೆ ಚೆಲ್ಲುತ್ತದೆ. ಅಚ್ಚುಕಟ್ಟಿನ ರೈತ ಅದನ್ನು ಬಾಚಿ ಮತ್ತೆ ಕಣಜಕ್ಕೆ ತುಂಬುತ್ತಾನೆ. ತಿರುಳಿನ ಕೋಶವೂ ಹೀಗೆಯೇ. ಹೊರಗೆ ಬಿಟ್ಟ ನಾರ್‌ಅಡ್ರಿನಲಿನ್‌ನಲ್ಲಿ ಒಂದು ಪಾಲನ್ನು ತನ್ನ ಗೋಡೆಯಲ್ಲಿರುವ ವಿಶೇಷ ಬಾಗಿಲಿನ ಮೂಲಕ ಒಳಗೆಳೆದುಕೊಂಡು ಚೀಲಗಳಿಗೆ ತುಂಬಿಕೊಳ್ಳುತ್ತದೆ. ಬಾಗಿಲಿನ ಹೆಸರು ನಾರ್‌ಅಡ್ರಿನಲಿನ್ ಟ್ರಾನ್ಸ್‌ಪೋರ್ಟರ್. ಕೋಶದೊಳಗೆ ಚೀಲಕ್ಕೆ ತುಂಬುವ ಎರಡನೆಯ ಬಾಗಿಲೂ ಒಂದಿದೆ.

ಎಂಐಬಿಜಿ ಎಂಬುದು ನಾರ್‌ಅಡ್ರಿನಲಿನ್‌ನ ವೇಷ ತೊಟ್ಟ ರಾಸಾಯನಿಕ. ಅದಕ್ಕೆ ವಿಕಿರಣ ಸೂಸುವ ಅಯೋಡಿನ್ ಅಂಟಿಸಿರುತ್ತಾರೆ. ಅಂಗಳದ ಭತ್ತಕ್ಕೆ ಬಣ್ಣ ಬಳಿದ ಕಾಳುಗಳನ್ನು ಬೆರೆಸಿದ ಹಾಗೆ. ರೈತ ಬಾಚಿದರೆ ಬಣ್ಣದ ಕಾಳೂ ಕಣಜ ಸೇರುತ್ತದೆ, ಮರುದಿನ ಕ್ಯಾಮೆರಾ ಹಿಡಿದರೆ ಕಣಜ ಹೊಳೆಯುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಈ ಉಪಾಯ ಕಂಡುಕೊಂಡು 1981ರಲ್ಲಿ ರೋಗಿಗಳ ಚಿತ್ರಗಳನ್ನು ಪ್ರಕಟಿಸಿದರು.

ಈಗ ಬಾಚುವ ಅಭ್ಯಾಸವೇ ಇಲ್ಲದ ರೈತನನ್ನು ನೆನೆಸಿಕೊಳ್ಳಿ. ಅಂಗಳದ ತುಂಬ ಭತ್ತ ಚೆಲ್ಲಿರುತ್ತದೆ, ಕಣಜದೊಳಗೆ ಬಣ್ಣದ ಕಾಳು ಒಂದೂ ಇರುವುದಿಲ್ಲ. ಕ್ಯಾಮೆರಾಗೆ ಕಾಣುವುದು ಕತ್ತಲೆ. ಫೈಲಿನ ಒಗಟು ಬಿಚ್ಚಿಕೊಳ್ಳುವುದು ಇಲ್ಲಿಯೇ. ರಕ್ತಪರೀಕ್ಷೆ ಅಳೆಯುವುದು ಚೆಲ್ಲಿದ್ದನ್ನು, ಸ್ಕ್ಯಾನ್ ಅಳೆಯುವುದು ಬಾಚಿಕೊಂಡದ್ದನ್ನು. ಹಾರ್ಮೋನು ಸುರಿಸುವುದಕ್ಕೂ ಮರಳಿ ಹೀರುವುದಕ್ಕೂ ಕೋಶದಲ್ಲಿ ಬೇರೆ ಬೇರೆ ಯಂತ್ರಗಳಿವೆ. ಒಂದು ಕೆಟ್ಟರೂ ಇನ್ನೊಂದು ಓಡುತ್ತಿರಬಹುದು.

ಬಾಗಿಲೇ ಇಲ್ಲದ ಗಡ್ಡೆಗಳು

ಅಂಕಿಯಲ್ಲಿ ಹೇಳುವುದಾದರೆ, ಅಯೋಡಿನ್-123 ಬಳಸಿ ಮಾಡಿದ ಎಂಐಬಿಜಿ ಅಡ್ರಿನಲ್ ಒಳಗಿನ ನೂರು ಗಡ್ಡೆಗಳಲ್ಲಿ ಸುಮಾರು 85ರಿಂದ 88ನ್ನು ಹಿಡಿಯುತ್ತದೆ. ಅಡ್ರಿನಲ್ ಹೊರಗಿನವುಗಳಲ್ಲಿ ಇದು 56ರಿಂದ 75ಕ್ಕೆ ಇಳಿಯುತ್ತದೆ. ಎಸ್‌ಡಿಎಚ್‌ಬಿ ಎಂಬ ಜೀನು ಕೆಟ್ಟು ಹುಟ್ಟಿದ ಗಡ್ಡೆಗಳಲ್ಲಂತೂ ಅರ್ಧಕ್ಕಿಂತ ಹೆಚ್ಚು ತಪ್ಪಿಹೋಗಬಹುದು.

ಜೀನಿಗೂ ಬಾಗಿಲಿಗೂ ಏನು ಸಂಬಂಧ? ಈ ಗಡ್ಡೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಕಡಿಮೆಯೇನಲ್ಲ, ವಂಶವಾಹಿಯಾಗಿ ಬಂದದ್ದು. ಯಾವ ಜೀನು ಕೆಟ್ಟಿದೆ ಎಂಬುದರ ಮೇಲೆ ಗಡ್ಡೆಯ ಕೋಶ ಎಷ್ಟು ‘ಬಲಿತಿದೆ’ ಎಂಬುದು ನಿಲ್ಲುತ್ತದೆ. ಮೆನ್-2 ಎಂಬ ಕಾಯಿಲೆಯ ಗಡ್ಡೆಗಳು ಚೆನ್ನಾಗಿ ಬಲಿತವು, ಅಡ್ರಿನಲಿನ್ ಮಾಡುತ್ತವೆ, ಬಾಗಿಲುಗಳೂ ಸಾಕಷ್ಟಿರುತ್ತವೆ. ಎಂಐಬಿಜಿಯಲ್ಲಿ ಸಾಮಾನ್ಯವಾಗಿ ಹೊಳೆಯುತ್ತವೆ. ವಿಎಚ್‌ಎಲ್ ಜೀನಿನವು ನಾರ್‌ಅಡ್ರಿನಲಿನ್ ಹಂತದಲ್ಲೇ ನಿಂತವು, ಬಾಗಿಲು ಕಡಿಮೆ. ಎಸ್‌ಡಿಎಚ್‌ಬಿಯವು ಇನ್ನೂ ಎಳೆಯ ಸ್ಥಿತಿಯವು. ಕೆಲವು ಡೋಪಮಿನ್‌ನಲ್ಲೇ ನಿಂತುಬಿಡುತ್ತವೆ, ಚೀಲಗಳೂ ಬಾಗಿಲುಗಳೂ ವಿರಳ.

ಕಿರಿಕಿರಿಯ ಸಂಗತಿಯೆಂದರೆ ದೇಹದ ಬೇರೆಡೆಗೆ ಹರಡುವ ಸ್ವಭಾವ ಹೆಚ್ಚಿರುವುದೂ ಈ ಎಸ್‌ಡಿಎಚ್‌ಬಿ ಗಡ್ಡೆಗಳಿಗೇ. ಯಾವುದನ್ನು ಬಿಡಬಾರದೋ ಅದೇ ಕಣ್ತಪ್ಪುತ್ತದೆ. ಒಬ್ಬರ ಮೈಯಲ್ಲೇ ಕೆಲವು ಗಡ್ಡೆಗಳು ಹೊಳೆದು ಕೆಲವು ಕತ್ತಲಲ್ಲೇ ಉಳಿಯುವುದೂ ಉಂಟು.

ಬಾಗಿಲಿಗೆ ಅಡ್ಡ ನಿಂತ ಮಾತ್ರೆ

ಬಾಗಿಲು ಇದ್ದೂ ಮುಚ್ಚಿರಬಹುದು. ಸುಲಭವಾಗಿ ತಪ್ಪಿಸಬಹುದಾದ ಕಾರಣ ಇದಾದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲ ಹೆಸರು ಲ್ಯಾಬೆಟಲಾಲ್. ಗರ್ಭಿಣಿಯರ ಬಿಪಿಗೆ ದಿನನಿತ್ಯ ಕೊಡುವ ಮಾತ್ರೆ ಇದು. ಎಂಐಬಿಜಿ ಒಳಹೋಗುವ ಬಾಗಿಲನ್ನೂ ತಡೆಯುತ್ತದೆ, ಚೀಲದೊಳಗಿನ ಸಂಗ್ರಹವನ್ನೂ ಖಾಲಿ ಮಾಡಿಸುತ್ತದೆ. ರಿಸರ್ಪಿನ್ ಚೀಲ ತುಂಬುವ ಎರಡನೆಯ ಬಾಗಿಲನ್ನು ಮುಚ್ಚುತ್ತದೆ. ಖಿನ್ನತೆಗೆ ಕೊಡುವ ಹಳೆಯ ಮಾತ್ರೆಗಳಾದ ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್ ಮೊದಲ ಬಾಗಿಲಿಗೇ ಅಡ್ಡ ಬರುತ್ತವೆ. ನೆಗಡಿ ಮಾತ್ರೆಗಳಲ್ಲಿರುವ ಫಿನೈಲೆಫ್ರಿನ್, ಸ್ಯೂಡೋಎಫೆಡ್ರಿನ್, ಮೂಗು ಬಿಡಿಸುವ ಹನಿಗಳು, ನೋವಿಗೆ ಕೊಡುವ ಟ್ರಮಡಾಲ್, ಮನೋರೋಗದ ಕೆಲವು ಮಾತ್ರೆಗಳು ಕೂಡ ಪಟ್ಟಿಯಲ್ಲಿವೆ.

ಇವುಗಳಲ್ಲಿ ಅಮಿಟ್ರಿಪ್ಟಿಲಿನ್ ಮಾಡುವ ಎಡವಟ್ಟು ಎರಡು ಕಡೆಯದು. ಫಿಯೋ ಇರುವವರಿಗೆ ತಲೆನೋವು ಬರುತ್ತದೆ, ಮೈಗ್ರೇನ್ ಇರಬಹುದೆಂದು ಈ ಮಾತ್ರೆ ಶುರುವಾಗುತ್ತದೆ. ಇದು ರಕ್ತದಲ್ಲಿ ನಾರ್‌ಮೆಟಾನೆಫ್ರಿನ್ ಅನ್ನು ಸುಳ್ಳೇ ಏರಿಸುತ್ತದೆ, ಸ್ಕ್ಯಾನನ್ನು ಸುಳ್ಳೇ ಮಬ್ಬಾಗಿಸುತ್ತದೆ. ರಕ್ತ ಜಾಸ್ತಿ ತೋರಿಸಿ ಸ್ಕ್ಯಾನ್ ಖಾಲಿ ಬಂದರೆ, ಗಡ್ಡೆಯೇ ಇಲ್ಲದವರಲ್ಲೂ ಹೀಗಾಗಬಹುದು, ಗಡ್ಡೆ ಇರುವವರಲ್ಲೂ ಆಗಬಹುದು. ಮಾತ್ರೆಗಳ ಪಟ್ಟಿ ನೋಡದೆ ಈ ಗಂಟು ಬಿಡಿಸಲಾಗದು.

ಲ್ಯಾಬೆಟಲಾಲ್ ಕೆಲವು ದಿನ ಮೊದಲೇ ನಿಲ್ಲಬೇಕು. ಉಳಿದವನ್ನು ಔಷಧಿಗೆ ತಕ್ಕಂತೆ ಒಂದೆರಡು ದಿನದಿಂದ ಕೆಲವು ವಾರದವರೆಗೆ ಬಿಡಿಸುತ್ತಾರೆ. ಆದರೆ ತಾವಾಗಿಯೇ ಬಿಪಿ ಮಾತ್ರೆ ಬಿಡುವುದು ಇಲ್ಲಿ ನಿಜಕ್ಕೂ ಅಪಾಯ. ವೈದ್ಯರು ಒಂದನ್ನು ತೆಗೆದು ಅದರ ಜಾಗಕ್ಕೆ ಸ್ಕ್ಯಾನಿಗೆ ಅಡ್ಡಿ ಮಾಡದ ಪ್ರಜೋಸಿನ್, ಡಾಕ್ಸಜೋಸಿನ್‌ನಂಥದ್ದನ್ನು ಹಾಕುತ್ತಾರೆ. ಅಪಾಯಿಂಟ್‌ಮೆಂಟಿಗೆ ಹೋಗುವಾಗ ನೆಗಡಿ ಮಾತ್ರೆ, ಮೂಗಿನ ಹನಿ ಸೇರಿಸಿ ಮನೆಯಲ್ಲಿರುವ ಎಲ್ಲ ಔಷಧಿಯನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗುವುದೇ ಸುಲಭ. ‘ಬಿಪಿ ಮಾತ್ರೆ ಒಂದೇ’ ಎಂದು ಬಾಯಲ್ಲಿ ಹೇಳಿದವರ ಕವರಿನಿಂದ ಇನ್ನೂ ಮೂರು ಬಗೆಯ ಮಾತ್ರೆ ಹೊರಬರುವುದು ಹೊಸದೇನಲ್ಲ.

ಕ್ಯಾಮೆರಾದ ಕಣ್ಣಿಗೂ ಒಂದು ಮಿತಿ

ಇನ್ನು ಬಾಗಿಲು ತೆರೆದೇ ಇದೆ, ಬಣ್ಣದ ಕಾಳು ಒಳಗೂ ಹೋಗಿದೆ, ಆದರೂ ಚಿತ್ರದಲ್ಲಿಲ್ಲ ಎನ್ನುವ ಸಂದರ್ಭ.

ಗಾಮಾ ಕ್ಯಾಮೆರಾ ಸುಮಾರು 1 ಸೆಂಟಿಮೀಟರಿಗಿಂತ ಚಿಕ್ಕದನ್ನು ಸ್ಪಷ್ಟವಾಗಿ ಬಿಡಿಸಿ ತೋರಿಸಲಾರದು. ಅದಕ್ಕಿಂತ ಸಣ್ಣ ಗಡ್ಡೆಯ ಬೆಳಕು ಅಕ್ಕಪಕ್ಕಕ್ಕೆ ಹರಡಿ ತೆಳುವಾಗುತ್ತದೆ, ಮಂಜಿನಲ್ಲಿ ದೂರದ ಮನೆಯ ದೀಪದಂತೆ.

ಯಾವ ಅಯೋಡಿನ್ ಎಂಬುದೂ ಮುಖ್ಯ. ಅಯೋಡಿನ್-123ರ ಅರ್ಧಾಯುಷ್ಯ 13 ಗಂಟೆ, ಅದರ ಕಿರಣದ ಶಕ್ತಿ 159 ಕಿಲೋ ಎಲೆಕ್ಟ್ರಾನ್ ವೋಲ್ಟ್. ಕ್ಯಾಮೆರಾಗೆ ಹಿತವಾದದ್ದು. ಆದರೆ ಸೈಕ್ಲೋಟ್ರಾನಿನಲ್ಲಿ ತಯಾರಿಸಿ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ತಲುಪಿಸಬೇಕು. ಹಾಗಾಗಿ ನಮ್ಮಲ್ಲಿ ಹೆಚ್ಚಾಗಿ ಸಿಗುವುದು 8 ದಿನದ ಅರ್ಧಾಯುಷ್ಯದ ಅಯೋಡಿನ್-131. ಇದರ ಕಿರಣ 364, ಕ್ಯಾಮೆರಾದ ಮುಂದಿನ ಸೀಸದ ಜಾಲರಿಯ ಗೋಡೆಗಳನ್ನೇ ತೂರಿಬಿಡುವಷ್ಟು ಬಿರುಸು. ಚಿತ್ರ ಒರಟಾಗುತ್ತದೆ. ಸಾಲದ್ದಕ್ಕೆ ಇದು ಬೀಟಾ ಕಣಗಳನ್ನೂ ಸೂಸುವುದರಿಂದ ಪ್ರಮಾಣ ಕಡಿಮೆ ಇಡಬೇಕು. 123ರಲ್ಲಿ 200ರಿಂದ 400 ಮೆಗಾಬೆಕೆರೆಲ್ ಕೊಡಬಹುದಾದರೆ 131ರಲ್ಲಿ 40ರಿಂದ 80. ಮಬ್ಬು ಬೆಳಕಿನಲ್ಲಿ ತೆಗೆದ ಫೋಟೋದ ಗತಿ.

ಹೊತ್ತೂ ಲೆಕ್ಕಕ್ಕೆ ಬರುತ್ತದೆ. 131 ಚುಚ್ಚಿದ ಮೇಲೆ 24 ಮತ್ತು 48 ಗಂಟೆಗೆ, ಬೇಕೆನಿಸಿದರೆ 72ಕ್ಕೂ ಚಿತ್ರ ತೆಗೆಯುತ್ತಾರೆ. ರಕ್ತದಲ್ಲಿ, ಯಕೃತ್ತಿನಲ್ಲಿ ಉಳಿದದ್ದು ತೊಳೆದುಹೋಗುತ್ತ ಹೋದಂತೆ ಗಡ್ಡೆ ಎದ್ದು ಕಾಣುತ್ತದೆ. ಯಕೃತ್ತಿನದು ಇಲ್ಲಿ ಬೇರೆಯದೇ ತಕರಾರು. ಅದು ಎಂಐಬಿಜಿಯನ್ನು ಸಹಜವಾಗಿಯೇ ಹೀರುತ್ತದೆ, ಬಲಗಡೆಯ ಅಡ್ರಿನಲ್ ಇರುವುದು ಅದರ ಬೆನ್ನಿಗೇ. ಟ್ಯೂಬ್‌ಲೈಟ್ ಪಕ್ಕ ಹಚ್ಚಿಟ್ಟ ಹಣತೆಯಂತೆ ಅಲ್ಲಿನ ಸಣ್ಣ ಗಡ್ಡೆ ಅಡಗಿಬಿಡುತ್ತದೆ. ಎಂಐಬಿಜಿ ಹೊರಹೋಗುವುದು ಮೂತ್ರದಲ್ಲಿ. ಹಾಗಾಗಿ ಮೂತ್ರಕೋಶದ ಹತ್ತಿರದ ಗಡ್ಡೆಗಳಿಗೂ ಇದೇ ಪಾಡು, ಚಿತ್ರಕ್ಕೆ ಮುಂಚೆ ಮೂತ್ರ ಮಾಡಿ ಬರಲು ಹೇಳುವುದು ಅದಕ್ಕೇ. ಸುತ್ತ ತಿರುಗಿ ಚಿತ್ರ ತೆಗೆಯುವ ಸ್ಪೆಕ್ಟ್ ಕ್ಯಾಮೆರಾವನ್ನು ಸಿಟಿಯ ಜೊತೆ ಜೋಡಿಸಿದರೆ ಈ ತೊಡಕು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ತೀರ ದೊಡ್ಡ ಗಡ್ಡೆಗಳೂ ತಪ್ಪುವುದುಂಟು. ಬೆಳೆದು ಬೆಳೆದು ನಡುವಿನ ಭಾಗಕ್ಕೆ ರಕ್ತ ಸಾಲದೆ ಕೊಳೆತಿದ್ದರೆ, ಒಳಗೆ ರಕ್ತ ಸೋರಿ ನೀರುಗುಳ್ಳೆಯಾಗಿದ್ದರೆ, ಹೀರಲು ಜೀವಂತ ಕೋಶಗಳೇ ಇರುವುದಿಲ್ಲ. ಅಂಚಿನಲ್ಲಿ ತೆಳ್ಳನೆಯ ಬಳೆಯಂತೆ ಕಂಡರೆ ಕಂಡೀತು.

ಥೈರಾಯ್ಡ್ ಬಗ್ಗೆ ಒಂದು ಮಾತು. ಚುಚ್ಚುಮದ್ದಿನಿಂದ ಬಿಡಿಯಾದ ವಿಕಿರಣ ಅಯೋಡಿನ್ ಅಲ್ಲಿ ಸೇರದಿರಲೆಂದು ಹಿಂದಿನ ದಿನದಿಂದಲೇ ಲ್ಯೂಗಾಲ್ ದ್ರಾವಣದ ಹನಿ ಅಥವಾ ಪೊಟ್ಯಾಸಿಯಂ ಅಯೋಡೈಡ್ ಕೊಡುತ್ತಾರೆ. ಇದನ್ನು ಮರೆತರೆ ಗಡ್ಡೆ ತಪ್ಪುವುದಿಲ್ಲ, ಥೈರಾಯ್ಡಿಗೆ ಬೇಡದ ವಿಕಿರಣ ತಗಲುತ್ತದೆ ಅಷ್ಟೆ.

ಬೇರೆ ಬಾಗಿಲು ತಟ್ಟುವ ಸ್ಕ್ಯಾನ್‌ಗಳು

ಒಂದು ಬಾಗಿಲು ಇಲ್ಲದಿದ್ದರೆ ಇನ್ನೊಂದನ್ನು ತಟ್ಟಿ ನೋಡಬಹುದು. ಈಗ ಹೆಚ್ಚು ಬಳಕೆಯಲ್ಲಿರುವುದು ಗ್ಯಾಲಿಯಂ-68 ಡೋಟಾ ಪೆಟ್ ಸ್ಕ್ಯಾನ್. ಕೋಶದ ಮೈಮೇಲಿನ ಸೊಮ್ಯಾಟೋಸ್ಟ್ಯಾಟಿನ್ ಗ್ರಾಹಕಗಳಿಗೆ ಇದು ಅಂಟಿಕೊಳ್ಳುತ್ತದೆ. ಎಸ್‌ಡಿಎಚ್‌ಬಿ ಗಡ್ಡೆಗಳಲ್ಲಿ ಈ ಗ್ರಾಹಕ ಸಮೃದ್ಧ. ಎಂಐಬಿಜಿಗೆ ಕತ್ತಲಾಗಿ ಕಂಡದ್ದು ಇಲ್ಲಿ ಝಗ್ಗನೆ ಹೊಳೆಯಬಹುದು. ಆದರೆ ಆರೋಗ್ಯವಂತ ಅಡ್ರಿನಲ್ ಕೂಡ ಇದನ್ನು ಚೆನ್ನಾಗಿಯೇ ಹೀರುತ್ತದೆ, ಆದ್ದರಿಂದ ಗ್ರಂಥಿಯೊಳಗಿನ ಪುಟ್ಟ ಫಿಯೋ ಇಲ್ಲಿಯೂ ಮರೆಯಾಗಬಹುದು.

ಆ ಜಾಗಕ್ಕೆ ಫ್ಲೋರೋಡೋಪಾ ಪೆಟ್ ಮೇಲು. ಅದು ಹಾರ್ಮೋನಿನ ಕಚ್ಚಾವಸ್ತುವಿನ ವೇಷದಲ್ಲಿ ಒಳಹೋಗುತ್ತದೆ, ಆರೋಗ್ಯವಂತ ಅಡ್ರಿನಲ್ ಅದನ್ನು ಅಷ್ಟಾಗಿ ಹೀರುವುದಿಲ್ಲ. ಎಲ್ಲೆಡೆ ಸಿಗುವ ಎಫ್‌ಡಿಜಿ ಪೆಟ್ ಸಕ್ಕರೆಯ ಹಸಿವನ್ನು ನೋಡುತ್ತದೆ. ಎಸ್‌ಡಿಎಚ್‌ಬಿ ಕೆಟ್ಟ ಕೋಶ ಆಮ್ಲಜನಕ ಬಳಸಿ ಶಕ್ತಿ ಮಾಡುವ ದಾರಿಯಲ್ಲೇ ಕುಂಟುವುದರಿಂದ ಸಕ್ಕರೆಯನ್ನು ವಿಪರೀತ ಸುಡುತ್ತದೆ, ಹೊಳೆಯುತ್ತದೆ.

ಸಿಪ್ಪೆಯ ಗಡ್ಡೆಗಳ ಲೆಕ್ಕವೇ ಬೇರೆ

ಅಡ್ರಿನಲ್ ಸಿಪ್ಪೆಯ ಗಡ್ಡೆಗಳನ್ನು ಎಂಐಬಿಜಿಯಲ್ಲಿ ಹುಡುಕುವುದರಲ್ಲಿ ಅರ್ಥವೇ ಇಲ್ಲ. ಅಲ್ಲಿ ಆ ಬಾಗಿಲು ಮೊದಲಿನಿಂದಲೂ ಇಲ್ಲ. ಸಿಪ್ಪೆಯ ಹಾರ್ಮೋನುಗಳ ಕಚ್ಚಾವಸ್ತು ಕೊಲೆಸ್ಟ್ರಾಲ್. ಹಾಗಾಗಿ ವಿಕಿರಣ ಅಯೋಡಿನ್ ಅಂಟಿಸಿದ ಕೊಲೆಸ್ಟ್ರಾಲನ್ನೇ ಹಲವು ದಿನ ಬೆನ್ನತ್ತುವ ಸ್ಕ್ಯಾನ್ ಒಂದಿತ್ತು. ಅದೂ ಮಿಷಿಗನ್‌ನದೇ. ಆಲ್ಡೋಸ್ಟಿರೋನ್ ಗಡ್ಡೆಯಿಂದ ಬಿಪಿ ಏರುವ ಕಾಯಿಲೆಗೆ ಹೆಸರು ಕೊಟ್ಟ ಜೆರೋಮ್ ಕಾನ್ ಕೂಡ ಅಲ್ಲಿಯವರೇ. ಕಾನ್ ಕಾಯಿಲೆಯ ಗಡ್ಡೆಗಳು ಎಷ್ಟೋ ಸಲ 1 ಸೆಂಟಿಮೀಟರಿಗಿಂತ ಚಿಕ್ಕವು, ಆ ಸ್ಕ್ಯಾನಿಗೆ ಸಿಗುತ್ತಿರಲಿಲ್ಲ. ಅದಕ್ಕೇ ಇವತ್ತಿಗೂ ಎಡ ಬಲ ಎರಡೂ ಅಡ್ರಿನಲ್ ರಕ್ತನಾಳಗಳಿಗೆ ಸಣ್ಣ ನಳಿಕೆ ತೂರಿಸಿ, ಯಾವ ಕಡೆಯಿಂದ ಹಾರ್ಮೋನು ಹೆಚ್ಚು ಬರುತ್ತಿದೆ ಎಂದು ಅಳೆಯುತ್ತಾರೆ.

‘ಇಲ್ಲ’ ಎಂದು ಬಂದ ವರದಿಯ ಮುಂದಿನ ದಾರಿ

ಮತ್ತೆ ಮೊದಲಿನ ಫೈಲಿಗೆ ಬರೋಣ. ರಕ್ತದಲ್ಲಿ ನಾಲ್ಕು ಪಟ್ಟು, ಸಿಟಿಯಲ್ಲಿ ಗಂಟು. ಆ ಗಂಟಿನ ಸಾಂದ್ರತೆ ಕಾಂಟ್ರಾಸ್ಟ್ ಹಾಕದ ಸಿಟಿಯಲ್ಲಿ 10 ಹೌನ್ಸ್‌ಫೀಲ್ಡ್‌ಗಿಂತ ಕಡಿಮೆ ಇದ್ದರೆ ಒಳಗೆ ಕೊಬ್ಬು ಜಾಸ್ತಿ ಎಂದರ್ಥ, ಫಿಯೋ ಆಗಿರುವುದು ತೀರ ವಿರಳ. ಅದಕ್ಕಿಂತ ಹೆಚ್ಚಿದ್ದು, ಮಾತ್ರೆಗಳ ಅಡ್ಡಿಯೂ ಇಲ್ಲವೆಂದು ಖಾತ್ರಿಯಾದರೆ, ಎಂಐಬಿಜಿ ಏನೇ ಹೇಳಲಿ, ಚಿಕಿತ್ಸೆ ಫಿಯೋ ಎಂದೇ ಮುಂದುವರಿಯುತ್ತದೆ. ಅಸಲಿಗೆ ಒಂದೇ ಕಡೆ ಇರುವ, ಅಡ್ರಿನಲಿನ್ ಸುರಿಸುವ ಸಣ್ಣ ಗಡ್ಡೆಗೆ ಈ ಸ್ಕ್ಯಾನ್ ಬೇಕಾಗದೆಯೂ ಇರಬಹುದು. ಅದರ ಉಪಯೋಗ ಹೆಚ್ಚಾಗಿ ದೊಡ್ಡ ಗಡ್ಡೆ, ಅಡ್ರಿನಲ್ ಹೊರಗಿನದು, ಒಂದಕ್ಕಿಂತ ಹೆಚ್ಚಿರುವುದು, ಮರುಕಳಿಸಿದ್ದು, ಹರಡಿದ್ದು ಇಂಥವುಗಳಲ್ಲಿ.

ಗಂಟು ಏನೆಂದು ತಿಳಿಯಲು ಸೂಜಿ ಚುಚ್ಚಿಸಿಕೊಳ್ಳುವುದು ಬೇಡವೇ ಬೇಡ. ಚುಚ್ಚಿದ ಕ್ಷಣ ಹಾರ್ಮೋನಿನ ಮಹಾಪೂರವೇ ಬರಬಹುದು. ಆಪರೇಷನ್ನಿಗೆ 7ರಿಂದ 14 ದಿನ ಮುಂಚೆ ರಕ್ತನಾಳ ಕುಗ್ಗಿಸುವ ಆಲ್ಫಾ ಗ್ರಾಹಕಗಳನ್ನು ತಡೆಯುವ ಮಾತ್ರೆ ಶುರು ಮಾಡಿ, ಉಪ್ಪು ನೀರು ಧಾರಾಳವಾಗಿ ಕೊಡುತ್ತಾರೆ. ಎದೆಬಡಿತ ತಗ್ಗಿಸುವ ಬೀಟಾ ಮಾತ್ರೆ ಬೇಕಾದರೆ ಅದು ಆಲ್ಫಾ ನಂತರವೇ. ಮೊದಲೇ ಕೊಟ್ಟರೆ ರಕ್ತನಾಳ ಹಿಗ್ಗಿಸುವ ದಾರಿ ಮುಚ್ಚಿ, ಕುಗ್ಗಿಸುವ ದಾರಿ ಮಾತ್ರ ತೆರೆದುಳಿದು ಬಿಪಿ ಇನ್ನೂ ಏರುತ್ತದೆ.

ಹರಡಿದ ಗಡ್ಡೆಗೆ ಹೆಚ್ಚು ಪ್ರಮಾಣದ ಅಯೋಡಿನ್-131 ಎಂಐಬಿಜಿಯನ್ನೇ ಔಷಧಿಯಾಗಿ ಕೊಡುವುದುಂಟು. ಅದೂ ಹೋಗಬೇಕಾದ್ದು ಅದೇ ಬಾಗಿಲಿನಿಂದ. ಸ್ಕ್ಯಾನಿನಲ್ಲಿ ಹೊಳೆಯದ ಗಡ್ಡೆಗೆ ಅದು ನಾಟುವುದಿಲ್ಲ. ಅಂಥವರಿಗೆ ಡೋಟಾ ಸ್ಕ್ಯಾನ್ ಹೊಳೆದರೆ ಅದೇ ಗ್ರಾಹಕಗಳಿಗೆ ವಿಕಿರಣ ಒಯ್ಯುವ ಲುಟೀಶಿಯಂ-177 ಚಿಕಿತ್ಸೆಯ ಯೋಚನೆ ಮಾಡುತ್ತಾರೆ.

ಗಡ್ಡೆ ತೆಗೆಸಿದ ಮೇಲೂ ಆ ಖಾಲಿ ವರದಿಯನ್ನು ಎಸೆಯಬಾರದು. ಕೆಲವು ವಾರ ಕಳೆದು ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಮೆಟಾನೆಫ್ರಿನ್ ನೋಡಿಸುತ್ತಿರಬೇಕು. ಎಂದಾದರೂ ಅದು ಮತ್ತೆ ಏರಿದರೆ, ಮೊದಲ ಗಡ್ಡೆ ಎಂಐಬಿಜಿಗೆ ಕಾಣದಿದ್ದವರಲ್ಲಿ ಮರಳಿ ಬಂದದ್ದೂ ಕಾಣದಿರುವ ಸಾಧ್ಯತೆಯೇ ಹೆಚ್ಚು. ಬೇರೆ ಊರಿನ, ಬೇರೆ ವೈದ್ಯರ ಮುಂದೆ ಕೂತಾಗ ಯಾವ ಸ್ಕ್ಯಾನ್ ಬರೆಯಬೇಕು ಎಂದು ಅವರಿಗೆ ತಿಳಿಯುವುದು ಹಳೆಯ ಫೈಲಿನ ಆ ಒಂದು ಸಾಲಿನಿಂದ.